ಸ್ಕಾಟ್ಲೆಂಡಿನ ಫರಸಿ ತೇಯಲು ಹೋದವನು

ಫರೀದಾಬಾದ್, ಹೊರಡುವ ಮುನ್ನ

ಗಂಧ ತೇಯುವವರನ್ನು ನೀವು ನೋಡಿರುತ್ತೀರಿ. ಕಲ್ಲು ತೇಯುವವರನ್ನು ನೋಡಿರಲಿಕ್ಕಿಲ್ಲ. ನಾನು ಮೂವತ್ತೊಂದು ವರ್ಷ ಕಲ್ಲು ತೇದು ಹೊಟ್ಟೆ ಹೊರೆದವನು.

ಫರೀದಾಬಾದಿನ ನಮ್ಮ ಸರ್ಕಾರಿ ಪ್ರಯೋಗಾಲಯಕ್ಕೆ ಹಿಮಾಲಯದಿಂದಲೋ ಅರಾವಳಿಯಿಂದಲೋ ಕಲ್ಲಿನ ತುಂಡುಗಳು ಬರುತ್ತವೆ. ಒಂದೊಂದರಿಂದಲೂ ಬಿಸ್ಕತ್ತಿನಷ್ಟು ಚೂರು ಕೊಯ್ದು, ಗಾಜಿನ ಪಟ್ಟಿಗೆ ಅಂಟಿಸಿ, ಕಾರ್ಬೊರಂಡಂ ಪುಡಿಗೆ ನೀರು ಬೆರೆಸಿ ತೇಯುತ್ತ ಹೋಗಬೇಕು. ಎಲ್ಲಿಯವರೆಗೆ? ಅದು ಕೂದಲಿಗಿಂತ ತೆಳ್ಳಗಾಗುವವರೆಗೆ. ಆಗ ಎಂಥ ಕರಿಗಲ್ಲೂ ಬೆಳಕನ್ನು ತನ್ನೊಳಗೆ ಬಿಟ್ಟುಕೊಳ್ಳುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಇನ್ನೆರಡು ಸಲ ಕೈಯಾಡಿಸಿದಿರೋ, ಕಲ್ಲು ನೀರಿನ ಜೊತೆ ಮೋರಿಗೆ ಹೋಯಿತು ಅಂತಲೇ ಲೆಕ್ಕ. ಸರಿಯಾಗಿ ಬಂದ ಸ್ಲೈಡನ್ನು ಸೂಕ್ಷ್ಮದರ್ಶಕದಡಿ ಇಟ್ಟು ನಮ್ಮ ಸಾಹೇಬರುಗಳು ಕಲ್ಲಿನ ಜಾತಕ ಬರೆಯುತ್ತಾರೆ. ಜಾತಕದಡಿ ಅವರ ಹೆಸರು ಅಚ್ಚಾಗುತ್ತದೆ. ತೇದವನ ಹೆಸರು ಎಲ್ಲಿಯೂ ಇರುವುದಿಲ್ಲ. ಈ ಬಗ್ಗೆ ನನಗೆ ಸಿಟ್ಟಿರಲಿಲ್ಲ ಎಂದರೆ ಸುಳ್ಳಾದೀತು.

ಅಂಥ ನನ್ನನ್ನು ಸ್ಕಾಟ್ಲೆಂಡಿಗೆ ಕರೆದವಳು ಫಿಯೋನಾ ಎಂಬ ಸಂಶೋಧಕಿ. ಸ್ಪಿತಿ ಕಣಿವೆಯ ಕಲ್ಲು ನೋಡಲು ನಮ್ಮಲ್ಲಿಗೆ ಬಂದಿದ್ದಳು. ಬ್ಯಾಗಿನಲ್ಲಿ ತನ್ನೂರಿನದೂ ಒಂದು ಕಲ್ಲಿತ್ತು. ಪುಸ್ತಕದ ಹಾಳೆಗಳಂತೆ ಪದರ ಪದರವಾದ ಬೂದು ಕಲ್ಲು. ಅವರ ಯಂತ್ರಕ್ಕೆ ಕೊಟ್ಟರೆ ಬಿಚ್ಚಿ ಹೋಗುತ್ತಿತ್ತಂತೆ. ನಾನು ಅದಕ್ಕೆ ರಾಳ ಕುಡಿಸಿ, ಒಂದು ಮಧ್ಯಾಹ್ನವೆಲ್ಲ ಕೈಯಲ್ಲೇ ತೇದು, ಒಂದು ಪದರವೂ ಹಾರದಂತೆ ಸ್ಲೈಡು ಮಾಡಿ ಕೊಟ್ಟೆ. ಅವಳು ಅದನ್ನು ಕಿಟಕಿಗೆ ಹಿಡಿದು ನೋಡಿದಳು, ನನ್ನ ಕೈ ನೋಡಿದಳು, ಮತ್ತೆ ಸ್ಲೈಡು ನೋಡಿದಳು. ಎರಡು ತಿಂಗಳಿಗೆ ಕಾಗದ ಬಂತು: ಮೂರು ವಾರದ ಮಟ್ಟಿಗೆ ಶರಣಪ್ಪನವರನ್ನು ಕಳಿಸಿಕೊಡಿ.

ದೆಹಲಿಯ ದ್ವಾರಕಾಕ್ಕೆ ಮೆಟ್ರೋ ಬಂದ ಮರುವರ್ಷದ ಮಾತು ಇದು. ಕಾಗದ ನಮ್ಮ ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ಎಂಟು ತಿಂಗಳು ಯಾತ್ರೆ ಮಾಡಿತು. ಕಲ್ಲು ತೇಯುವವನಿಗೆ ವಿದೇಶವೇ ಎಂದು ಕೆಲವರಿಗೆ ಹೊಟ್ಟೆಯಲ್ಲಿ ಮೆಣಸಿನಕಾಯಿ ಕಿವುಚಿದಂತಾಯಿತು. ಕೊನೆಗೆ ಡೈರೆಕ್ಟರ್ ಸಾಹೇಬರು ಸಹಿ ಹಾಕಿ, "ಶರಣಪ್ಪಾ, ವಹಾಂ ಜಾಕೇ ನಾಕ್ ಮತ್ ಕಟ್‌ವಾನಾ" ಎಂದರು. ಅಲ್ಲಿ ಹೋಗಿ ಮೂಗು ಕೊಯ್ಸಬೇಡ, ಅಂದರೆ ನಮ್ಮ ಮಾನ ಕಳೆಯಬೇಡ ಎಂಬ ಆಶೀರ್ವಾದ.

ಮನೆಯಲ್ಲಿ ಹೆಂಡತಿ ವಿಮಲಾ ಪೆಟ್ಟಿಗೆಯ ಮೇಲೆ ಕೂತು ಮುಚ್ಚಳ ಹಾಕಿದಳು. "ರೀ, ಅಲ್ಲಿ ಥಂಡಿ ಭಾಳ ಇರ್ತದಂತ. ಎರಡೂ ಸ್ವೆಟರ್ ಮೈಮ್ಯಾಲೆ ಹಾಕ್ಕೊಂಡೇ ಹೋಗ್ರಿ, ಪೆಟ್ಟಿಗ್ಯಾಗ ಜಾಗ ಇಲ್ಲ."

"ಪೆಟ್ಟಿಗಿ ತುಂಬ ಏನು ತುಂಬಿದೀ ಮಾರಾಯ್ತಿ?"

"ಶೇಂಗಾ ಹಿಂಡಿ, ಖಡಕ್ ರೊಟ್ಟಿ, ಚೂಡಾ."

ದೆಹಲಿ ಸೀಮೆಯಲ್ಲೇ ಹುಟ್ಟಿ ಬೆಳೆದ ಮಗಳು ರಶ್ಮಿ ತಲೆ ಚಚ್ಚಿಕೊಂಡಳು. "ಪಪ್ಪಾ, ಪ್ಲೀಸ್! ಫ್ಲೈಟ್‌ನಲ್ಲಿ ಎಲ್ಲರಿಗೂ ಚೂಡಾ ಮತ್ ಬಾಂಟ್‌ನಾ, ಹಾಂ?"

ಹಂಚಿದೆ. ಪಕ್ಕದ ಸೀಟಿನ ಪಂಜಾಬಿ ಅಜ್ಜಿ ಎರಡು ಸಲ ಕೇಳಿ ಹಾಕಿಸಿಕೊಂಡಳು.

ಅವರ ವಿಮಾನ ನಿಲ್ದಾಣ

ನನ್ನ ಕೈಗೆ ಹೊಂದಿದ ಪುಡಿ ಪರದೇಶದಲ್ಲಿ ಸಿಕ್ಕೀತೋ ಇಲ್ಲವೋ ಎಂದು ಕಾರ್ಬೊರಂಡಂ ಪುಡಿಯನ್ನು ಐದು ಹಾರ್ಲಿಕ್ಸ್ ಡಬ್ಬಿಗಳಲ್ಲಿ ತುಂಬಿಕೊಂಡು ಹೋಗಿದ್ದೆ. ನುಣುಪಿನ ಪ್ರಕಾರ ಒಂದರಿಂದ ಐದು. ಕಸ್ಟಮ್ಸಿನ ಮಹಿಳೆ ಡಬ್ಬಿ ತೆರೆದಳು. ಒಳಗೆ ಹಾರ್ಲಿಕ್ಸ್ ಇಲ್ಲ, ಕಪ್ಪಗೆ ಮಿನುಗುವ ಪುಡಿ. ಅವಳು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ನಾನೇ ನನ್ನನ್ನು ಅನುಮಾನಿಸತೊಡಗಿದೆ.

"ಇದೇನು?"

"ಕಲ್ಲು ತೇಯುವ ಪುಡಿ."

"ಯಾಕೆ ತೇಯಬೇಕು?"

ಮೂವತ್ತೊಂದು ವರ್ಷದಲ್ಲಿ ಯಾರೂ ಕೇಳಿರದ ಪ್ರಶ್ನೆ. ನನಗೆ ಉತ್ಸಾಹ ಬಂದುಬಿಟ್ಟಿತು. ಅವಳ ಪೆನ್ನು ಇಸಿದುಕೊಂಡು ಫಾರಮ್ಮಿನ ಹಿಂದೆ ಚಿತ್ರ ಬರೆದು ವಿವರಿಸಿದೆ. ನನ್ನ ಹಿಂದಿನ ಸಾಲು ಬೆಳೆಯುತ್ತಿತ್ತು. ನಮ್ಮಲ್ಲಾಗಿದ್ದರೆ ಹಿಂದಿನವರು "ಅರೇ ಭಾಯಿಸಾಹಬ್, ಚಲೋ ಚಲೋ" ಎಂದು ಬೆನ್ನಿಗೆ ಗುದ್ದುತ್ತಿದ್ದರು. ಇಲ್ಲಿ ಒಬ್ಬ ನರಪಿಳ್ಳೆಯೂ ಉಸಿರೆತ್ತಲಿಲ್ಲ. ಬದಲಿಗೆ ನನ್ನ ಹಿಂದಿದ್ದಾತ ಕತ್ತು ಚಾಚಿ ಚಿತ್ರ ನೋಡಿ, "ಬಹಳ ಸ್ವಾರಸ್ಯವಾಗಿದೆ" ಎಂದ! ಯಾವುದೋ ಯಂತ್ರದಲ್ಲಿ ಪುಡಿ ಪರೀಕ್ಷಿಸಿ ನನ್ನನ್ನು ಬಿಟ್ಟರು. ಆ ಹೊತ್ತಿಗೆ ಮುಂದಿನ ರೈಲು ತಪ್ಪಿಹೋಗಿತ್ತು.

ಥರ್ಸೊ

ಸ್ಕಾಟ್ಲೆಂಡಿನ ನೆತ್ತಿಯಲ್ಲಿ ಕೇತ್ನೆಸ್ ಎಂಬ ಸೀಮೆ. ಅದರ ಅಂಚಿನಲ್ಲಿ ಥರ್ಸೊ. ಅಲ್ಲಿಂದಾಚೆ ರೈಲಿಲ್ಲ, ನೆಲವೂ ಇಲ್ಲ, ಸಮುದ್ರವೇ. ಸ್ಟೇಷನ್ನಿನಿಂದ ಹೊರಗೆ ಬಂದು ನಾನು ನಿಂತಲ್ಲೇ ನಿಂತೆ. ಮನೆಗಳು ಕಲ್ಲು, ಮಾಡು ಕಲ್ಲು, ಅಂಗಳ ಕಲ್ಲು. ಹೊಲಗಳಿಗೆ ಬೇಲಿಯೂ ಕಲ್ಲೇ. ಎದೆಯೆತ್ತರದ ಚಪ್ಪಡಿಗಳನ್ನು ನೆಲದಲ್ಲಿ ನೆಟ್ಟಗೆ ನೆಟ್ಟು ಸಾಲಾಗಿ ನಿಲ್ಲಿಸಿದ್ದಾರೆ.

ಅಯ್ಯೋ ಶಿವನೇ, ಇದು ನಮ್ಮೂರಲ್ಲವೇ!

ನಾನು ಕಲಬುರಗಿ ಜಿಲ್ಲೆಯ ಶಹಾಬಾದ್ ಕಡೆಯವನು. ನಮ್ಮಲ್ಲಿ ಫರಸಿ ಎಂಬ ಚಪ್ಪಡಿ ಕಲ್ಲಿನ ಗೋಡೆ, ಫರಸಿ ಕಲ್ಲಿನ ಮಾಡು, ಹೊಲದ ಬದುವಿಗೆ ನಿಲ್ಲಿಸಿದ ಫರಸಿ. ನನ್ನಪ್ಪ ಗಣಿಯಲ್ಲಿ ಫರಸಿ ಎಬ್ಬಿಸುತ್ತಿದ್ದ. ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಿಯೇ ಕಲ್ಲು ಎಲ್ಲಿ ಪದರ ಬಿಡುತ್ತದೆಂದು ಹೇಳುತ್ತಿದ್ದ. ನಮ್ಮದು ಸುಣ್ಣದ ಕಲ್ಲು, ಇವರದಕ್ಕಿಂತ ಬಹಳ ಹಳೆಯದು. ಇವರದು ಹೂಳು ಗಟ್ಟಿಯಾದ ಕಲ್ಲು. ಇರಲಿ, ಮುಟ್ಟಿದರೆ ಅದೇ ತಣ್ಣನೆ, ತಟ್ಟಿದರೆ ಅದೇ ಟಣ್ ಎಂಬ ಸದ್ದು. ನಾನು ಬೇಲಿಯನ್ನು ತಟ್ಟುತ್ತ ಹೋಗುವುದನ್ನು ಒಂದು ಕುರಿ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿತ್ತು.

ಉಳಿದುಕೊಂಡದ್ದು ಜೀನ್ ಎಂಬ ವಿಧವೆಯ ಮನೆಯಲ್ಲಿ. ಎಪ್ಪತ್ತು ದಾಟಿದ, ಕೋಲಿನಂಥ ಹೆಂಗಸು. ಈ ಜನ ಹವೆಯ ವಿಷಯ ಮಾತಾಡುವುದು ನಾವು ಊಟ ಆಯ್ತಾ ಎಂದು ಕೇಳಿದ ಹಾಗೆ. ಹೊರಗೆ ಗಾಳಿ ನನ್ನನ್ನು ಅಡ್ಡಡ್ಡ ಹಾರಿಸುತ್ತಿದ್ದರೂ ಜೀನ್, "ಈ ದಿನ ಪರವಾಗಿಲ್ಲ, ತುಸು ಗಾಳಿ" ಎನ್ನುತ್ತಿದ್ದಳು. ನಾನು ಮಾಂಸ ತಿನ್ನುವುದಿಲ್ಲ ಎಂದಾಗ ಬೇಸರಪಟ್ಟಳು. ಮೀನೂ ಇಲ್ಲ ಎಂದಾಗ ನನ್ನ ಆರೋಗ್ಯ ವಿಚಾರಿಸಿದಳು. ಮೂರು ದಿನ ಬೇಯಿಸಿದ ಆಲೂಗಡ್ಡೆ ತಿಂದೆ. ನಾಲ್ಕನೆಯ ದಿನ ತಡೆಯಲಾರದೆ ಶೇಂಗಾ ಹಿಂಡಿಯ ಡಬ್ಬಿ ಬಿಚ್ಚಿದೆ. ಜೀನ್ ಮೂಸಿ ನೋಡಿ, ಬೆಣ್ಣೆ ಸವರಿದ ಬ್ರೆಡ್ಡಿನ ಮೇಲೆ ಉದುರಿಸಿಕೊಂಡು ಕಚ್ಚಿದಳು. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. ಒಂದು ಲೋಟ ಹಾಲು ಕುಡಿದಳು. ಆಮೇಲೆ ಇನ್ನೊಂದು ಬ್ರೆಡ್ ತೆಗೆದುಕೊಂಡಳು. ಗಟ್ಟಿ ಹೆಂಗಸು.

ಗಣಿ

ಐದನೆಯ ದಿನ, ಕೆಲಸ ನಿಂತುಹೋದ ಒಂದು ಹಳೆಯ ಗಣಿಗೆ ಫಿಯೋನಾ ನನ್ನನ್ನು ಕರೆದೊಯ್ದಳು. ಮೂವತ್ತೊಂದು ವರ್ಷ ಸಾವಿರಾರು ಕಲ್ಲು ತೇದಿದ್ದೇನಲ್ಲ, ಅವುಗಳಲ್ಲಿ ಒಂದನ್ನೂ ಅದು ಹುಟ್ಟಿದ ಜಾಗದಲ್ಲಿ ನೋಡಿರಲಿಲ್ಲ. ಫೀಲ್ಡಿಗೆ ಹೋಗುವುದು ಸಾಹೇಬರು. ನಮ್ಮಲ್ಲಿಗೆ ಬರುವುದು ನಂಬರ್ ಬರೆದ ಬಟ್ಟೆಯ ಚೀಲ.

ಮೆಟ್ಟಿಲು ಮೆಟ್ಟಿಲಾಗಿ ಕೆಳಕ್ಕಿಳಿದ ಗಣಿಯ ಗೋಡೆಯಲ್ಲಿ ಕಲ್ಲಿನ ಪದರಗಳು. ಒಂದರ ಮೇಲೊಂದು, ಒಂದರ ಮೇಲೊಂದು. ಮಡಿಸಿಟ್ಟ ಇಳಕಲ್ ಸೀರೆಗಳ ಹಾಗೆ ನೇರ ಅಂಚು.

"ನಾವೀಗ ಕೆರೆಯ ತಳದಲ್ಲಿದ್ದೇವೆ, ಮಿಸ್ಟರ್ ಶರಣಪ್ಪ" ಎಂದಳು ಫಿಯೋನಾ.

ಕೆರೆಯೆಂದರೆ ಅಂಥಿಂಥ ಕೆರೆಯಲ್ಲ. ಭೂಗರ್ಭಶಾಸ್ತ್ರದವರು ಡೆವೋನಿಯನ್ ಎಂದು ಕರೆಯುವ ಕಾಲ. ಸುಮಾರು ಮೂವತ್ತೆಂಟು ಕೋಟಿ ವರ್ಷ ಹಿಂದೆ ಈ ಚಳಿಸೀಮೆ ಭೂಮಧ್ಯರೇಖೆಯ ಬಳಿ ಬಿಸಿಲಲ್ಲಿ ಬೇಯುತ್ತಿತ್ತಂತೆ. ಸುತ್ತ ಬೋಳು ಬೆಟ್ಟ, ನಡುವೆ ಒಂದು ಜಿಲ್ಲೆಯಲ್ಲ, ಹಲವು ಜಿಲ್ಲೆಗಳಷ್ಟು ಅಗಲದ ನೀರು. ಒಮ್ಮೆ ತುಂಬುವುದು, ಒಮ್ಮೆ ಒಣಗುವುದು. ಒಣಗಿದಾಗ ತಳದ ಕೆಸರು ಬಿರುಕು ಬಿಟ್ಟದ್ದು ಹಾಗೆಯೇ ಕಲ್ಲಾಗಿದೆ. ನಾನು ಆ ಬಿರುಕಿನಲ್ಲಿ ಬೆರಳಿಟ್ಟೆ. ಏಪ್ರಿಲ್ ತಿಂಗಳಲ್ಲಿ ನಮ್ಮೂರ ಕೆರೆಯಂಗಳದಲ್ಲಿ ಬೆರಳಿಟ್ಟ ಹಾಗೆಯೇ ಇತ್ತು. ಬೂಟು ತೆಗೆದುಬಿಟ್ಟೆ, ಸಾಕ್ಸನ್ನೂ ತೆಗೆದೆ. ಬರಿಗಾಲಲ್ಲಿ ನಿಂತು ನೋಡಬೇಕೆನಿಸಿತು. ಕಾಲು ಮರಗಟ್ಟಿತೆನ್ನಿ, ಆದರೂ ಎಂಥ ಸಂತೋಷ!

ಕೆರೆ ತುಂಬಿ ಆಳವಾಗಿದ್ದಾಗ ತಳದಲ್ಲಿ ಉಸಿರಾಡುವ ಗಾಳಿಯೇ ಇರುತ್ತಿರಲಿಲ್ಲವಂತೆ. ಸತ್ತು ಕೆಳಗಿಳಿದ ಮೀನನ್ನು ತಿನ್ನಲು ಅಲ್ಲಿ ಹುಳವೂ ಇಲ್ಲ. ಹಾಗಾಗಿ ಮೀನು ಮೀನಾಗಿಯೇ ಉಳಿದಿದೆ. ಫಿಯೋನಾ ಒಂದು ಚಪ್ಪಡಿಯನ್ನು ಸೀಳಿ ಕೈಗಿತ್ತಳು. ಒಳಗೆ ಗೇಣುದ್ದದ ಮೀನು, ಹೊಳೆಯುವ ಕಪ್ಪು, ಒಂದೊಂದು ಹುರುಪೆಯೂ ಎಣಿಸಬಹುದು. ಹುಟ್ಟಾ ಮೀನು ಮುಟ್ಟದವನು ಅದನ್ನು ಎದೆಗವಚಿಕೊಂಡೆ.

ಅವಳಿಗೆ ಬೇಕಾದದ್ದು ಮೀನಲ್ಲ. ಆ ಕೆರೆಯ ಮೇಲೆ ಪ್ರತಿ ಬೇಸಿಗೆಗೂ ಪಾಚಿ ಕಟ್ಟಿ, ಸತ್ತು, ತಳಕ್ಕಿಳಿದು, ಒಂದೊಂದು ಎಳೆಯ ಪದರವಾಗಿರಬೇಕು. ಆ ಪಾಚಿ ಹಾಳಾಗದೆ ಉಳಿದಿದ್ದರೆ ವಿಶೇಷ ನೀಲಿ ಬೆಳಕಿನಲ್ಲಿ ಹಳದಿಯಾಗಿ ಹೊಳೆಯುತ್ತದೆ. ಬೇರೆ ಕಡೆ ಸಿಕ್ಕಿದೆ. ಈ ಗಣಿಯಲ್ಲೂ ಇದೆಯೆಂದು ಅವಳ ವಾದ, ಇಲ್ಲಿಯ ಕಲ್ಲು ಭೂಮಿಯೊಳಗಿನ ಕಾವಿಗೆ ಬೆಂದುಹೋಗಿದೆಯೆಂದು ಉಳಿದವರ ವಾದ.

"ಮೂರು ವರ್ಷ ಹುಡುಕಿದ್ದೇನೆ" ಎಂದಳು. "ನನ್ನ ಹುದ್ದೆ ಡಿಸೆಂಬರಿಗೆ ಮುಗಿಯುತ್ತದೆ. ಸಿಕ್ಕರೆ ಮುಂದುವರಿಸುತ್ತಾರೆ, ಸಿಗದಿದ್ದರೆ ಇಲ್ಲ. ಯಂತ್ರ ಈ ಪದರಗಳನ್ನೇ ಹರಿದುಹಾಕುತ್ತದೆ. ಅದಕ್ಕೇ ನಿಮ್ಮನ್ನು ಕರೆದೆ."

ನಾನು ಎದೆ ತಟ್ಟಿಕೊಂಡು, "ಪದರ ಇದ್ದರೆ ನನ್ನ ಕೈಯಿಂದ ತಪ್ಪಿಸಿಕೊಳ್ಳುವುದಿಲ್ಲ ಬಿಡಮ್ಮ" ಎಂದೆ. ಅಷ್ಟು ಜಂಬ ಬೇಡವಾಗಿತ್ತು.

ಖಂಡೇ ಪೂಜೆ

ಊರಾಚೆಯ ಹಳೆಯ ಶಾಲೆಯೊಂದರ ಎರಡು ಕೋಣೆ ಅವರ ಪ್ರಯೋಗಾಲಯ. ಹತ್ತು ದಿನದಲ್ಲಿ ಗಣಿಯ ಒಂದೊಂದೇ ಮೆಟ್ಟಿಲಿನ ಕಲ್ಲು ತೇದೆ. ಒಂದು ಪದರವೂ ಹಾರಲಿಲ್ಲ. ನೀಲಿ ಬೆಳಕಿನಡಿ ಒಂದೂ ಹೊಳೆಯಲೂ ಇಲ್ಲ. ಎಲ್ಲ ಮಂಕು ಕಂದು. ಫಿಯೋನಾ ಪ್ರತಿ ಸಲ "ಥ್ಯಾಂಕ್ ಯೂ, ಚೆಂದದ ಸ್ಲೈಡು" ಎನ್ನುವಳು, ನೋಟ್‌ಬುಕ್ಕಿನಲ್ಲಿ "ಇಲ್ಲ" ಎಂದು ಬರೆಯುವಳು. ಉಳಿದದ್ದು ತೀರ ಕೆಳಗಿನ ಮೆಟ್ಟಿಲಿನ ಒಂದೇ ಕಲ್ಲು. ಅದನ್ನು ಎರಡಾಗಿ ಕೊಯ್ದು ಒಂದರ್ಧವನ್ನು ಅವಳು ತನ್ನ ಕಪಾಟಿನಲ್ಲಿಟ್ಟಳು, ಇನ್ನರ್ಧ ನನ್ನ ಮೇಜಿಗೆ ಬಂತು.

ಅಷ್ಟರಲ್ಲಿ ಮಹಾನವಮಿ. ವಿಮಲಾ ಫೋನು ಮಾಡಿದಳು. "ಕಂದು ಸಾಕ್ಸಿನ ಒಳಗ ಅರಿಶಿನ ಕುಂಕುಮದ ಪೊಟ್ಟಣ ಇಟ್ಟೀನಿ. ಇವತ್ತ ಖಂಡೇ ಪೂಜಿ, ಮರೀಬ್ಯಾಡ್ರಿ. ಪರದೇಶದ ಮಷೀನ್ ಇದ್ರೂ ಅನ್ನ ಕೊಡೋದು ಅದೇ ಅಲ್ಲ?"

ಸರಿ. ನಮ್ಮ ಕಡೆ ಮಹಾನವಮಿಗೆ ದುಡಿಯುವ ಆಯುಧಗಳಿಗೆಲ್ಲ ಪೂಜೆ, ಅವತ್ತು ಅವುಗಳನ್ನು ಮುಟ್ಟಿ ಕೆಲಸ ಮಾಡುವಂತಿಲ್ಲ. ಫಿಯೋನಾ ಅವತ್ತು ಊರಲ್ಲಿರಲಿಲ್ಲ. ಕೊಯ್ಯುವ ಯಂತ್ರ, ಗಾಜಿನ ಹಲಗೆ, ಐದು ಹಾರ್ಲಿಕ್ಸ್ ಡಬ್ಬಿ, ಸೂಕ್ಷ್ಮದರ್ಶಕ ಎಲ್ಲ ಒರೆಸಿ ಸಾಲಾಗಿಟ್ಟೆ. ಅಪ್ಪ ಸುತ್ತಿಗೆ, ಉಳಿಯ ಜೊತೆಗೆ ಒಂದು ಫರಸಿಯನ್ನೂ ಪೂಜೆಗಿಡುತ್ತಿದ್ದ. ನಾನೂ ಆ ಅರ್ಧ ಕಲ್ಲನ್ನು ಮಧ್ಯದಲ್ಲಿಟ್ಟೆ. ಉಂಗುರ ಬೆರಳನ್ನು ನೀರಲ್ಲಿ ಅದ್ದಿ, ಅರಿಶಿನ ಕಲಸಿ, ಎಲ್ಲದಕ್ಕೂ ಹಚ್ಚಿ ಮೇಲೆ ಕುಂಕುಮವಿಟ್ಟೆ. ಹೂವಿಗೆ ಜೀನ್ ಅಂಗಳದ ಎರಡು ಹೂ. ಕಾಯಿ ಸಿಗಲಿಲ್ಲ, ಸೇಬು ಒಡೆದೆ. ಕೈಮುಗಿದು, "ತಾಯೀ, ಆ ಹುಡುಗಿಗೆ ಅವಳ ಪಾಚಿ ಸಿಗಲಿ" ಎಂದು ಬೇಡಿದೆ. ನನಗಾಗಿ ಏನೂ ಬೇಡಲಿಲ್ಲ, ಸತ್ಯವಾಗಿ.

ಮರುದಿನ ವಿಜಯದಶಮಿ, ಹೊಸ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ದಿನವಿಲ್ಲ. ಕಲ್ಲಿನ ಅರಿಶಿನವನ್ನು ಸ್ಪಿರಿಟ್ಟಿನಲ್ಲಿ ಚೊಕ್ಕವಾಗಿ ಒರೆಸಿ, ರಾಳ ಕುಡಿಸಿ, ತೇಯಲು ಕೂತೆ.

ನೀಲಿ ಬೆಳಕು

ಸಂಜೆ ನಾಲ್ಕಕ್ಕೆ ಫಿಯೋನಾ ಸ್ಲೈಡನ್ನು ಕೆಳಗಿಟ್ಟಳು. ಪರದೆ ಎಳೆದು ನೀಲಿ ದೀಪ ಹಾಕಿದಳು. ಕಣ್ಣಿಟ್ಟಳು. ಎದ್ದು ಕುರ್ಚಿ ಬಿಟ್ಟುಕೊಟ್ಟಳು.

"ಮಿಸ್ಟರ್ ಶರಣಪ್ಪ, ನೀವು ನೋಡಿ. ನನ್ನ ಕಣ್ಣನ್ನು ನಾನು ನಂಬುವುದಿಲ್ಲ."

ನೋಡಿದೆ. ಕತ್ತಲ ನಡುವೆ ಎಳೆ ಎಳೆಯಾಗಿ ಹಳದಿ ಗೆರೆ. ಪದರದ ಗುಂಟವೇ ನೆಟ್ಟಗೆ ಹರಿದಿದೆ, ಎರಡು, ಮೂರು, ನಾಲ್ಕು ಕಡೆ. ಏನು ಹೊಳಪು ಅಂತೀರಿ!

ಅವಳು ನನ್ನ ಎರಡೂ ಕೈ ಹಿಡಿದು ಕುಣಿದಳು. ನಾನೂ ಕುಣಿದೆ. ಐವತ್ತೆಂಟರ ವಯಸ್ಸು, ಮೈಮೇಲೆ ಎರಡು ಸ್ವೆಟರ್. ಅಬರ್ಡೀನಿನಲ್ಲಿದ್ದ ತನ್ನ ಪ್ರೊಫೆಸರಿಗೆ ಫೋನು ಮಾಡಿದಳು. ಅವರು ನಾಳೆಯೇ ರೈಲು ಹತ್ತಿ ಬರುತ್ತೇನೆಂದರಂತೆ. ಆಮೇಲೆ ನನ್ನ ಕಡೆ ತಿರುಗಿ ಅವಳು ಹೇಳಿದ ಮಾತನ್ನು ನಾನು ಎರಡು ಸಲ ಹೇಳಿಸಿಕೊಂಡೆ.

"ಈ ಲೇಖನದಲ್ಲಿ ನಿಮ್ಮ ಹೆಸರಿರುತ್ತದೆ. ಕೃತಜ್ಞತೆಯಲ್ಲಿ ಅಲ್ಲ, ಮೇಲೆ. ನನ್ನ ಹೆಸರಿನ ಪಕ್ಕದಲ್ಲಿ."

ಮನೆಗೆ ಫೋನು ಹಚ್ಚಿದೆ. ವಿಮಲಾ ಅತ್ತಳು. ಅರ್ಧ ತಾಸಿನಲ್ಲಿ ನಮ್ಮ ಸೆಕ್ಟರಿನ ಮನೆಗಳಿಗೆಲ್ಲ ಪೇಢೆ ಹಂಚಿದ್ದಳೆಂದು ಆಮೇಲೆ ತಿಳಿಯಿತು. ನಮ್ಮ ಕನ್ನಡ ಸಂಘದ ಕಾರ್ಯದರ್ಶಿ ಶಾಲು, ಪೇಟ, ಹಣ್ಣಿನ ಬುಟ್ಟಿಗೆ ಏರ್ಪಾಟು ಮಾಡಿಯೇ ಬಿಟ್ಟರಂತೆ. ರಶ್ಮಿ ಫೋನು ಕಸಿದು, "ಪಪ್ಪಾ, ಸಚ್ಚೀ? ನಿಮ್ಮ ನಾಮ್ ಪ್ರಿಂಟ್‌ನಲ್ಲಿ ಬರತ್ತಾ?" ಎಂದಳು. ಬರುತ್ತದೆ ಮಗಳೇ ಎಂದೆ.

ಉಂಗುರ ಬೆರಳು

ಮರುದಿನ ಪ್ರೊಫೆಸರಿಗೆ ತೋರಿಸಲು ಫಿಯೋನಾ ಇನ್ನೊಂದು ಸ್ಲೈಡು ಬೇಕೆಂದಳು. ಅದೇ ತುಂಡಿನಲ್ಲಿ ಹಳದಿ ಗೆರೆ ಎಲ್ಲಿ ಹೆಚ್ಚಿದೆಯೆಂದು ನೋಡಲು ಅದನ್ನು ಹಿಡಿದು ಕೈದೀಪದಂಥ ನೀಲಿ ದೀಪದಡಿ ಚಾಚಿದೆ.

ಕಲ್ಲಿನ ಅಂಚು ಹೊಳೆಯಿತು. ಅದರ ಪಕ್ಕದಲ್ಲಿ ನನ್ನ ಉಂಗುರ ಬೆರಳಿನ ಉಗುರಿನ ಸಂದೂ ಹೊಳೆಯಿತು. ಅದೇ ಹಳದಿ. ಉಳಿದ ನಾಲ್ಕು ಬೆರಳು ಕಪ್ಪಗಿದ್ದವು.

ಸಾಕ್ಸಿನ ಪೊಟ್ಟಣ ಕೋಟಿನ ಜೇಬಿನಲ್ಲೇ ಇತ್ತು. ಚೊಕ್ಕ ಗಾಜಿನ ಮೇಲೆ ಒಂದು ಚಿಟಿಕೆ ಅರಿಶಿನವಿಟ್ಟು ಒಂದು ಹನಿ ಸ್ಪಿರಿಟ್ ಬಿಟ್ಟೆ. ದೀಪ ಹಿಡಿದೆ. ಅಯ್ಯೋ, ಅದು ನಿನ್ನೆಯ ಪಾಚಿಯ ತದ್ರೂಪ. ನಾನು ಹಚ್ಚಿದ ಅರಿಶಿನ ಸ್ಪಿರಿಟ್ಟಿನಲ್ಲಿ ಕರಗಿ ಕಲ್ಲಿನ ಪದರದ ಸಂದುಗಳಲ್ಲಿ ಇಳಿದಿತ್ತು. ಒರೆಸಿ ತೆಗೆದೆನೆಂದುಕೊಂಡಿದ್ದೆ, ಕುಡಿಸಿಬಿಟ್ಟಿದ್ದೆ. ಮೂವತ್ತೆಂಟು ಕೋಟಿ ವರ್ಷ ಹಳೆಯದೆಂದು ಕುಣಿದಾಡಿದ್ದು ಮೊನ್ನೆ ಮೊನ್ನೆ ಫರೀದಾಬಾದಿನ ಕಿರಾಣಿ ಭಯ್ಯಾನ ಅಂಗಡಿಯಿಂದ ಬಂದದ್ದು.

ಪ್ರೊಫೆಸರ ರೈಲು ಬರಲು ಎರಡು ಗಂಟೆ ಇತ್ತು. ಸಮುದ್ರದ ಕಡೆ ನಡೆದೆ. ನಿಮ್ಮಲ್ಲಿ ಮುಚ್ಚಿಡುವುದೇನು, ಆ ಎರಡು ಗಂಟೆ ನನ್ನೊಳಗೆ ಒಬ್ಬ ವಕೀಲ ಕೂತಿದ್ದ. ಯಾರಿಗೆ ಗೊತ್ತಾಗುತ್ತದೆ? ಅರಿಶಿನವನ್ನು ಕಲ್ಲಿಗೆ ಹಚ್ಚುವವರು ಈ ಸೀಮೆಯಲ್ಲಿ ಯಾರಿದ್ದಾರೆ? ಹುಡುಗಿಯ ಕೆಲಸ ಉಳಿಯುತ್ತದೆ. ನಿನ್ನ ಹೆಸರು ಅಚ್ಚಾಗುತ್ತದೆ. ಪೇಢೆ ಹಂಚಿಯಾಗಿದೆ. ಡೈರೆಕ್ಟರ್ ಸಾಹೇಬರ ಮೂಗೂ ಉಳಿಯುತ್ತದೆ. ಬಾಯಿ ಮುಚ್ಚಿಕೊಂಡಿರು, ಸಾಕು.

ಎಲ್ಲ ಸರಿಯೇ. ಆದರೆ ಈ ಮೂವತ್ತೊಂದು ವರ್ಷದಲ್ಲಿ ನಾನು ಮಾಡಿದ ಒಂದು ಸ್ಲೈಡೂ ಸುಳ್ಳು ಹೇಳಿದ್ದಿಲ್ಲ. ಹೆಸರಿಲ್ಲದ ಅಷ್ಟೂ ಸ್ಲೈಡು ನಿಜ, ಹೆಸರು ಹೊತ್ತ ಒಂದೇ ಒಂದು ಸುಳ್ಳು. ಥೂ, ಏನು ಬಾಳು! ಸಿಟ್ಟು ಬಂತು. ವಿಮಲಾಳ ಮೇಲೆ ಬಂತು, ಪೊಟ್ಟಣದ ಮೇಲೆ ಬಂತು, ಕೊನೆಗೆ ನನ್ನ ಮೇಲೇ ಬಂತು. ಸ್ಟೇಷನ್ನಿಗೆ ಓಡಿದೆ.

ಸ್ಟೇಷನ್ನು

ಫಿಯೋನಾ ತಲೆ ಬಾಚಿ, ಕೆಂಪು ಮಫ್ಲರ್ ಸುತ್ತಿ ನಿಂತಿದ್ದಳು. ನಾನು ಪೀಠಿಕೆ ಹಾಕಲಿಲ್ಲ. ಬೆರಳು ತೋರಿಸಿದೆ, ಪೊಟ್ಟಣ ತೋರಿಸಿದೆ, ಪೂಜೆಯ ಕತೆಯೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಇಂಗ್ಲಿಷ್ ಮುಗಿದುಹೋಗಿ ಕೊನೆಯದನ್ನು ಕನ್ನಡದಲ್ಲೇ ಹೇಳಿದೆ. "ತಪ್ಪಾತವ್ವಾ, ನನ್ನಿಂದ ಭಾಳ ದೊಡ್ಡ ತಪ್ಪಾತು."

ಅವಳು ಬೆಂಚಿನ ಮೇಲೆ ಕೂತಳು. ಪೊಟ್ಟಣವನ್ನು ಕೈಗೆ ತೆಗೆದುಕೊಂಡು ಬಿಚ್ಚಿ ನೋಡಿದಳು.

"ಅಷ್ಟು ಹೊಳಪು ಆ ಕಲ್ಲಿಗೆ ಹೆಚ್ಚಾಯಿತು ಎಂದು ನನಗೂ ಅನಿಸಿತ್ತು" ಎಂದಳು ಮೆಲ್ಲಗೆ. "ಆದರೆ ನಂಬಬೇಕೆಂದು ತುಂಬಾ ಆಸೆಯಿತ್ತು."

"ಬೈಯಮ್ಮಾ, ಬೈದುಬಿಡು."

ಅವಳು ಬೈಯಲಿಲ್ಲ. ಈ ಜನಕ್ಕೆ ಬೈಯಲು ಬರುವುದಿಲ್ಲ, ಅದೇ ಇವರ ದೊಡ್ಡ ಕೊರತೆ. ಅಳು ಬಂದದ್ದನ್ನು ಗಾಳಿಗೆ ಕಣ್ಣುರಿ ಎಂದಳು. ರೈಲು ಬಂತು. ಇಳಿದ ಪ್ರೊಫೆಸರು ಕೈಕುಲುಕಲು ಕೈ ಚಾಚಿದರು. ಫಿಯೋನಾ ಎದ್ದು ನಿಂತು, "ಸರ್, ನಮ್ಮಲ್ಲಿ ಇನ್ನರ್ಧ ಕಲ್ಲಿದೆ. ಮೊದಲು ಅದನ್ನು ತೇಯಬೇಕು, ಕಾರಣ ದಾರಿಯಲ್ಲಿ ಹೇಳುತ್ತೇನೆ" ಎಂದಳು.

ಕಪಾಟಿನ ಆ ಅರ್ಧವನ್ನು ಇಬ್ಬರ ಕಣ್ಣೆದುರೇ ತೇದೆ. ಅದಕ್ಕೆ ಮೊದಲು ಮೂರು ಸಲ ಸೋಪು ಹಚ್ಚಿ ಕೈ ತೊಳೆದೆ, ಕೈಗವಸು ತೊಟ್ಟೆ. ನನ್ನ ಬದುಕಿನ ಅತ್ಯುತ್ತಮ ಸ್ಲೈಡು ಅದು, ಬೇಕಾದರೆ ಬರೆದಿಟ್ಟುಕೊಳ್ಳಿ. ನೀಲಿ ದೀಪ ಹಾಕಿದರು. ಮೂವರೂ ಸರದಿಯಲ್ಲಿ ನೋಡಿದೆವು.

ಮಂಕು ಕಂದು. ಹೊಳಪಿಲ್ಲ.

ಫಿಯೋನಾ ನೋಟ್‌ಬುಕ್ ತೆಗೆದು "ಇಲ್ಲ" ಎಂದು ಬರೆದಳು. ಪ್ರೊಫೆಸರು ಕನ್ನಡಕ ತೆಗೆದು ನನ್ನ ಭುಜ ಮುಟ್ಟಿದರು. ಅವಳು ಆ ಅರಿಶಿನದ ಸ್ಲೈಡನ್ನು ಕಾಗದದಲ್ಲಿ ಸುತ್ತಿ ತನ್ನ ಜೇಬಿನಲ್ಲಿಟ್ಟುಕೊಂಡಳು. ಎಸೆದುಬಿಡು ಅಂದರೂ ಕೇಳಲಿಲ್ಲ.

ಹೊರಡುವ ದಿನ ಜೀನ್ ಒಂದು ಅಂಗೈಯಗಲದ ಚಪ್ಪಡಿ ಕೊಟ್ಟಳು, ಶೇಂಗಾ ಹಿಂಡಿಯ ಉಳಿದ ಡಬ್ಬಿ ಇಟ್ಟುಕೊಂಡಳು. ಲಾಭ ಯಾರಿಗೆಂದು ಈಗಲೂ ಹೇಳಲಾರೆ.

ಮತ್ತೆ ಫರೀದಾಬಾದ್

ಶಾಲು ಸಮಾರಂಭ ರದ್ದಾಯಿತು. ಮೂರನೆಯ ದಿನ ವಿಮಲಾ "ನಾನೇ ಪೊಟ್ಟಣ ಇಟ್ಟಾಕಿ, ನನ್ನನ್ನ ಬೈರಿ" ಎಂದಳು. ಡೈರೆಕ್ಟರ್ ಸಾಹೇಬರು ಕತೆ ಕೇಳಿ ಹೊಟ್ಟೆ ಹಿಡಿದು ನಕ್ಕರು, ಮರುದಿನ ಕಚೇರಿಗೆಲ್ಲ ಹೇಳಿದರು. ಹಿಂದಿಯಲ್ಲಿ ಹಲ್ದಿ ಎಂದರೆ ಅರಿಶಿನ ನೋಡಿ, ವರ್ಷವಿಡೀ ನನ್ನನ್ನು ಎಲ್ಲರೂ ಹಲ್ದೀರಾಮ್ ಎಂದೇ ಕರೆದರು. ಕರೆಯಲಿ.

ಫಿಯೋನಾಳ ಹುದ್ದೆ ಡಿಸೆಂಬರಿಗೆ ಮುಗಿಯಿತು. ಆ ಗಣಿಯಲ್ಲಿ ಪಾಚಿ ಉಳಿದಿಲ್ಲ ಎಂದು ಅವಳೇ ಬರೆದು ಅಚ್ಚು ಹಾಕಿಸಿದಳು. ತನ್ನ ವಾದ ತಪ್ಪೆಂದು ತಾನೇ. ಅವಳ ಹುದ್ದೆ ಹೋದ ಸುದ್ದಿ ಬಂದ ದಿನ ನನಗೆ ಅನ್ನ ಸೇರಲಿಲ್ಲ. ಆಮೇಲೆ ಥರ್ಸೊದ ಹತ್ತಿರವೇ ಒಂದು ಶಾಲೆಯಲ್ಲಿ ವಿಜ್ಞಾನದ ಮೇಡಂ ಆದಳು. ಹೋದ ತಿಂಗಳು ಅವಳ ಕಾಗದ ಬಂತು. ವರ್ಷದ ಮೊದಲ ಪಾಠಕ್ಕೆ ಆ ಸ್ಲೈಡನ್ನೇ ನೀಲಿ ದೀಪದಡಿ ಇಡುತ್ತಾಳಂತೆ. ಮಕ್ಕಳು ಸಿಕ್ಕಿತು ಸಿಕ್ಕಿತು ಎಂದು ಕೂಗುತ್ತಾರಂತೆ. ಅವರು ಪೂರ್ತಿ ಕುಣಿದು ಮುಗಿಸಿದ ಮೇಲೆ ನನ್ನ ಕತೆ ಹೇಳುತ್ತಾಳಂತೆ, ಹೆಸರು ಸಮೇತ.

ಕಾಗದದ ಜೊತೆ ಒಬ್ಬ ಹುಡುಗಿ ಬರೆದ ಚೀಟಿಯಿತ್ತು. ದುಂಡನೆಯ ಅಕ್ಷರ. "ಮಿಸ್ಟರ್ ಶರಣಪ್ಪ, ನೀವು ಹೇಳದೇ ಇದ್ದಿದ್ದರೆ ಯಾರಿಗಾದರೂ ಗೊತ್ತಾಗುತ್ತಿತ್ತೇ?"

ರಶ್ಮಿಯನ್ನು ಕೂರಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಬರೆಸಿದೆ. "ಇಲ್ಲ ಮಗಳೇ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಹೇಳಿದೆ."